ಸವಾಲು ಉಳಿಯಿತು, ಜವಾಬು ಎಲ್ಲಿ?

ರಾಯಬಾಗ ತಾಲ್ಲೂಕಿನ ನಿಪನಾಳದ ಹೆಸರನ್ನು ಉತ್ತರ ಕರ್ನಾಟಕದ ಮನೆಮಾತಾಗಿಸಿದ್ದು ಒಂದು ಹಾಡು. ಮಾಳು ನಿಪನಾಳ ಹಾಡಿದ ‘ನಾ ಡ್ರೈವರ’ ಜಾತ್ರೆಯಲ್ಲಿ, ಮದುವೆ ಮೆರವಣಿಗೆಯಲ್ಲಿ, ಕಬ್ಬಿನ ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಮೊಳಗಿತು. ಅದರ ನಾಯಕನಿಗೆ ಕಸುಬೇ ಗುರುತು. ಅವನ ಹಿಂದುಮುಂದು ಯಾರೂ ಕೇಳುವುದಿಲ್ಲ.

ಕಥನಶಾಸ್ತ್ರಕ್ಕೆ ಇಂಥ ಹಾಡು ತೊಡಕು. ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಕಿನ್ನರಕಥೆಗಳನ್ನು 31 ಕ್ರಿಯೆಗಳಾಗಿ ಬಿಡಿಸಿ ತೋರಿಸಿದ: ನಾಯಕ ಮನೆ ಬಿಡುತ್ತಾನೆ, ಖಳನನ್ನು ಸೋಲಿಸುತ್ತಾನೆ, ಮದುವೆಯಾಗುತ್ತಾನೆ. 1981ರಲ್ಲಿ ಅಮೆರಿಕದಲ್ಲಿ ಎಂಟಿವಿ ಶುರುವಾದ ಮೇಲೆ ಇಂಥ ಅಳತೆಗೋಲುಗಳು ಮ್ಯೂಸಿಕ್ ವಿಡಿಯೊಗೂ ಬಂದವು. ಮ್ಯೂಸಿಕ್ ವಿಡಿಯೊಗಳ ಅಧ್ಯಯನಕಾರ್ತಿ ಕ್ಯಾರೊಲ್ ವರ್ನಾಲಿಸ್ 2004ರ ಪುಸ್ತಕದಲ್ಲಿ ಬೇರೆ ಮಾತು ಹೇಳಿದರು: ವಿಡಿಯೊ ಹಾಡಿನ ಏರಿಳಿತದ ಬೆನ್ನು ಹಿಡಿಯುತ್ತದೆ, ಪೂರ್ತಿ ಕಥೆ ಹೇಳುವುದು ಅಪರೂಪ. ಚಿಕ್ಕೋಡಿ, ಅಥಣಿ ಸೀಮೆಯ ಹಾಡಿಕೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ.

ಇಲ್ಲಿನ ಹಾಡು ಜಗಳದಲ್ಲಿ ಬೆಳೆದದ್ದು. ಗೀಗೀ ಮೇಳದಲ್ಲಿ ಮುಂದಾಳು ದಪ್ಪು ಬಡಿಯುತ್ತ ನುಡಿ ಎತ್ತುತ್ತಾನೆ. ಹಿಂದಿನವರು ತುಂತುಣಿ, ತಾಳ ಹಿಡಿದು ಗೀಗೀ ಎಂದು ಎಳೆಯುತ್ತಾರೆ. ಹರದೇಶಿ ಮೇಳದವರು ಶಿವ ದೊಡ್ಡವನು, ಗಂಡು ಹೆಚ್ಚು ಎಂದರೆ, ನಾಗೇಶಿಯವರು ಶಕ್ತಿಯೇ ದೊಡ್ಡವಳು, ಹೆಣ್ಣು ಹೆಚ್ಚು ಎನ್ನುತ್ತಾರೆ. ಪುರಾಣದ ಕಥೆಗಳು ಅಲ್ಲಿ ಸಾಕ್ಷಿಗಳಾಗಿ ಬರುತ್ತವೆ. ವಾದಕ್ಕೆ ಬೇಕಾದ ತುಣುಕನ್ನಷ್ಟೇ ಹಾಡಿ, ಉಳಿದದ್ದನ್ನು ಕೇಳುಗರ ನೆನಪಿಗೆ ಬಿಡುವುದು ರೂಢಿ. ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ 1955ರ ಪ್ರಬಂಧದಲ್ಲಿ ಪುರಾಣಗಳ ಒಳಗೆ ಹುಡುಕಿದ ವಿರುದ್ಧ ಜೋಡಿಗಳು ಇಲ್ಲಿ ಎದುರುಬದುರು ನಿಂತು ರಾತ್ರಿಯಿಡೀ ಹಾಡುತ್ತಿದ್ದವು. ಗಡಿಯಾಚೆ ಮರಾಠಿಯಲ್ಲೂ ಕಲಗಿ-ತುರಾ ಎಂಬ ಹೆಸರಿನಲ್ಲಿ ಇದೇ ಪೈಪೋಟಿ ಇದ್ದುದರಿಂದ ನಿಪ್ಪಾಣಿ, ಕಾಗವಾಡದ ಕಡೆಯವರಿಗೆ ಈ ವಾದ ಎರಡು ಭಾಷೆಗಳಲ್ಲಿ ಸಿಗುತ್ತಿತ್ತು.

ನೆರೆಯ ಕುಲಗೋಡದ ತಮ್ಮಣ್ಣ ರೂಪಿಸಿದ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದ ‘ಶ್ರೀಕೃಷ್ಣ ಪಾರಿಜಾತ’ ಆಟದಲ್ಲೂ ಕಥೆ ಒಂದು ಹೂವಿನಷ್ಟು. ರುಕ್ಮಿಣಿಗೆ ಪಾರಿಜಾತ ಸಿಕ್ಕಿತು, ಸತ್ಯಭಾಮೆ ಮುನಿದಳು. ಬೆಳಗಿನವರೆಗೆ ಜನ ಕೂರುತ್ತಿದ್ದದ್ದು ಆ ಮುನಿಸಿನ ಮಾತಿಗಾಗಿ.

ಮೊದಲಿನಿಂದ ಕೊನೆಯವರೆಗೆ ಕಥೆ ಹೇಳುವ ಹಾಡು ಇರಲೇ ಇಲ್ಲವೆಂದಲ್ಲ. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿ ಬೇಡರ ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮರ ಹೆಸರುಗಳಿವೆ, ಕಾರಣವಿದೆ, ಅಂತ್ಯವಿದೆ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಅದನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ. ಆ ಲಾವಣಿ ಕುರ್ತಕೋಟಿ ಕಲ್ಮೇಶನ ಅಂಕಿತದೊಂದಿಗೆ ಮುಗಿಯುತ್ತದೆ. ಇಂದಿನ ಯೂಟ್ಯೂಬ್ ಜನಪದ ಹಾಡುಗಳ ಕಡೆಯ ನುಡಿಯಲ್ಲೂ ಬರೆದವರ, ಹಾಡಿದವರ ಊರು-ಹೆಸರು ಬರುವುದುಂಟು. ನಿಪನಾಳ ಎಂಬ ಊರು ಗಾಯಕನ ಅಡ್ಡಹೆಸರಾದದ್ದೂ ಇದೇ ಜಾಡಿನಲ್ಲಿ. ಕ್ಯಾಸೆಟ್ಟು, ಸಿ.ಡಿ., ಮೊಬೈಲು ಎಂದು ಸಾಧನ ಬದಲಾದರೂ ಈ ಪದ್ಧತಿ ಗಟ್ಟಿಯಾಗಿ ನಿಂತಿರುವುದು ಸಂತೋಷದ ಸಂಗತಿ.

ಕಳೆದದ್ದು ಬೇರೆ. ಈಗಿನ ಹೆಚ್ಚಿನ ವಿಡಿಯೊಗಳಲ್ಲಿ ಹುಡುಗ ಕರೆಯುತ್ತಾನೆ, ಕಾಡುತ್ತಾನೆ, ಕೈಕೊಟ್ಟಳೆಂದು ದೂರುತ್ತಾನೆ. ಹುಡುಗಿ ಕ್ಯಾಮೆರಾದ ಮುಂದೆ ಕುಣಿಯುತ್ತಾಳೆ, ಬಾಯಿ ತೆರೆಯುವುದು ಕಡಿಮೆ. ನಾಗೇಶಿ ಹಾಡುಗಾರ್ತಿ ಹೀಗೆ ಸುಮ್ಮನಿದ್ದವಳಲ್ಲ. ಎದುರಿನ ಗಂಡು ಮೇಳ ಸವಾಲು ಹಾಕಿ ಮುಗಿಸುತ್ತಲೇ ಎದ್ದು ನಿಂತು, ಅದೇ ಧಾಟಿಯಲ್ಲಿ ಜವಾಬು ಕೊಟ್ಟು, ತನ್ನದೊಂದು ಸವಾಲು ಎಸೆದೇ ಕೂರುತ್ತಿದ್ದಳು.