ಸಹಾಯಕ ಶುಶ್ರೂಷಕಿ: ವೃತ್ತಿ, ನೀತಿ, ನೇತೃತ್ವ

ಸಹಾಯಕ ಶುಶ್ರೂಷಕಿ ಎಂದರೆ ಪೂರ್ಣ ನರ್ಸಿಂಗ್ ಶಿಕ್ಷಣಕ್ಕಿಂತ ಚಿಕ್ಕ ಅವಧಿಯ ತರಬೇತಿ ಮುಗಿಸಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು, ಗೊತ್ತುಪಡಿಸಿದ ಮಿತಿಯೊಳಗೆ ಆರೈಕೆ ಮಾಡುವವಳು. ಕೆನಡಾದಲ್ಲಿ ಮತ್ತು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಆಕೆ ಪ್ರಾಕ್ಟಿಕಲ್ ನರ್ಸ್. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ವೊಕೇಷನಲ್ ನರ್ಸ್. ಭಾರತದಲ್ಲಿ ಈ ಸ್ಥಾನ ಆಕ್ಸಿಲರಿ ನರ್ಸ್ ಮಿಡ್‌ವೈಫ್, ಅಂದರೆ ಎ.ಎನ್.ಎಂ. ಅವರದು. ಕರ್ನಾಟಕದ ಆರೋಗ್ಯ ಇಲಾಖೆಯ ಕಡತಗಳಲ್ಲಿ ಬಹುಕಾಲ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದಿದ್ದ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರು ಬಂದಿದೆ. ಊರಿನವರ ಬಾಯಲ್ಲಿ ಮಾತ್ರ ಆಕೆ ಇಂದಿಗೂ ಸಿಸ್ಟರ್, ಇಲ್ಲವೇ ನರ್ಸಮ್ಮ. ‘ಸಹಾಯಕಿ’ ಹೋಗಿ ‘ಅಧಿಕಾರಿ’ ಬಂದದ್ದು ಸಣ್ಣ ಸಂಗತಿಯೇನಲ್ಲ. ಆದರೆ ಹೆಸರಿನ ಹಿಂದೆ ಅಧಿಕಾರವೂ ಬಂದಿದೆಯೇ ಎಂಬುದು ಈ ವೃತ್ತಿಯ ನೀತಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ. ಹೊಣೆಯನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ, ‘ಇದು ಬೇಡ’ ಎಂದು ತಡೆಯುವ ಅಧಿಕಾರವನ್ನು ಮೇಲಿನ ಮೆಟ್ಟಿಲಲ್ಲೇ ಉಳಿಸಿಕೊಂಡರೆ, ನೀತಿಸಂಹಿತೆ ತಪ್ಪು ಹೊರಿಸುವ ಸಾಧನವಾಗುತ್ತದೆ. ಈ ವೃತ್ತಿಯಲ್ಲಿ ನೇತೃತ್ವ ಎಂದರೆ ಕುರ್ಚಿಯಲ್ಲ, ಹಾಗೆ ತಡೆಯಬಲ್ಲ ಸಾಮರ್ಥ್ಯ ಮತ್ತು ಅದಕ್ಕೆ ಸಿಗುವ ರಕ್ಷಣೆ.

ಎರಡು ದರ್ಜೆಯ ಈ ವ್ಯವಸ್ಥೆ ಬೆಳೆದದ್ದು ಹೆಚ್ಚಾಗಿ ಕೈಗಳ ಕೊರತೆಯಿಂದ. 1938ರಲ್ಲಿ ನ್ಯೂಯಾರ್ಕ್ ರಾಜ್ಯ ತಂದ ಕಡ್ಡಾಯ ಪರವಾನಗಿಯ ಕಾಯ್ದೆ ನೋಂದಾಯಿತ ನರ್ಸ್ ಮತ್ತು ಪ್ರಾಕ್ಟಿಕಲ್ ನರ್ಸ್ ಎಂದು ಎರಡು ಪಟ್ಟಿ ಮಾಡಿತು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ನೂ ಅದೇ ದಾರಿ ಹಿಡಿಯಿತು. ಭಾರತದಲ್ಲಿ 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ನಂತರ, 1950ರ ದಶಕದ ಆರಂಭದಲ್ಲಿ ಎ.ಎನ್.ಎಂ. ತರಬೇತಿ ಶುರುವಾಯಿತು, ಕರ್ನಾಟಕದ ನೋಂದಣಿಗೆ 1961ರ ರಾಜ್ಯ ಕಾಯ್ದೆ ಆಧಾರವಾಯಿತು. ಬಸುರಿ, ಬಾಣಂತಿ, ಕೂಸು ಆಗ ಆಕೆಯ ಲೋಕ. 1973ರ ಕರ್ತಾರ್ ಸಿಂಗ್ ಸಮಿತಿಯ ವರದಿ ಆಕೆಯನ್ನು ವಿವಿಧೋದ್ದೇಶ ಕಾರ್ಯಕರ್ತೆಯನ್ನಾಗಿ ಮಾಡಿತು. ಹೆರಿಗೆಯ ಜೊತೆ ಲಸಿಕೆ, ಮಲೇರಿಯಾದ ರಕ್ತಲೇಪ, ಕುಟುಂಬ ಯೋಜನೆ, ಕೊನೆಗೆ ಬಿ.ಪಿ., ಸಕ್ಕರೆ ಕಾಯಿಲೆಯ ತಪಾಸಣೆಯೂ ಸೇರಿಕೊಂಡವು. ಬಯಲು ಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡು ಮತ್ತು ಆದಿವಾಸಿ ಪ್ರದೇಶದಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಲೆಕ್ಕ. 2005ರಲ್ಲಿ ಆಶಾ ಕಾರ್ಯಕರ್ತೆಯರು ಬಂದ ಮೇಲೆ ಅವರಿಗೆ ದಾರಿ ತೋರುವುದೂ ಆಕೆಯ ಕೆಲಸವಾಯಿತು. ಉಪಕೇಂದ್ರಕ್ಕೆ ಆಗ ವರ್ಷಕ್ಕೆ ಬರುತ್ತಿದ್ದ 10,000 ರೂಪಾಯಿಯ ಮುಕ್ತ ನಿಧಿಯನ್ನು ಪಂಚಾಯಿತಿ ಮುಖ್ಯಸ್ಥರೊಂದಿಗಿನ ಜಂಟಿ ಖಾತೆಯಲ್ಲಿಟ್ಟು ಬಳಸುವ ವ್ಯವಸ್ಥೆಯೂ ಬಂತು. 2018ರ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಯೋಜನೆ ಸಮುದಾಯ ಆರೋಗ್ಯ ಅಧಿಕಾರಿಯನ್ನು ಅದೇ ಉಪಕೇಂದ್ರದ ಮುಖ್ಯಸ್ಥರನ್ನಾಗಿ ತಂದಿತು. ಹೀಗೆ ಕೆಳಗೆ ಆಶಾ, ಮೇಲೆ ಸಮುದಾಯ ಆರೋಗ್ಯ ಅಧಿಕಾರಿ, ಅವರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ನಡುವೆ ನಿಂತವಳು ಎ.ಎನ್.ಎಂ.

ನಡುವೆ ನಿಂತವಳ ನಿರ್ಧಾರ ಎಷ್ಟು ತೂಕದ್ದು ಎಂಬುದನ್ನು ಒಂದೇ ಒಂದು ಔಷಧಿಯಿಂದ ತಿಳಿಯಬಹುದು. ಏಳು ತಿಂಗಳು ದಾಟಿದ ಬಸುರಿಯೊಬ್ಬಳಿಗೆ ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ, ಮುಖ ಊದಿದೆ. ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಬಿ.ಪಿ. 160/110. ಇದು ತೀವ್ರ ಗರ್ಭನಂಜು, ಮುಂದಿನದು ಫಿಟ್ಸ್. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗಳ ಪ್ರಕಾರ ಇಂಥ ಹೊತ್ತಿನಲ್ಲಿ ಎ.ಎನ್.ಎಂ. ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸನ್ನು ತಾನೇ ಕೊಡಬಹುದು: 50 ಪ್ರತಿಶತ ದ್ರಾವಣದ ಹತ್ತು ಆಂಪೂಲು ಒಡೆದು, ಎರಡೂ ಪೃಷ್ಠಗಳಿಗೆ ಐದೈದು ಗ್ರಾಂ, ಆಳವಾಗಿ ಸ್ನಾಯುವಿಗೆ. ಮೈ ಬಿಸಿಯಾದಂತೆ ಅನಿಸುತ್ತದೆ, ಹೆದರಬೇಡ ಎಂದು ಮೊದಲೇ ಹೇಳಬೇಕು. ಆಮೇಲೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. 33 ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನ, ಈ ಔಷಧಿ ಫಿಟ್ಸ್‌ನ ಅಪಾಯವನ್ನು ಅರ್ಧಕ್ಕೂ ಕೆಳಗಿಳಿಸುತ್ತದೆ ಎಂದು ತೋರಿಸಿದೆ. ಆದರೆ ಅಳತೆ ಮೀರಿದರೆ ಇದೇ ಔಷಧಿ ಉಸಿರನ್ನೇ ನಿಲ್ಲಿಸಬಲ್ಲದು. ಆದ್ದರಿಂದ ಆ ಕೋಣೆಯಲ್ಲಿ ನಡೆಯುವುದು ಬರೀ ಸೂಜಿ ಚುಚ್ಚುವ ಕೆಲಸವಲ್ಲ. ಲಕ್ಷಣ ಗುರುತಿಸಿದವಳು ಆಕೆ, ತೀರ್ಮಾನಿಸಿದವಳು ಆಕೆ, ಮನೆಯವರನ್ನು ಒಪ್ಪಿಸಿದವಳು ಆಕೆ, 108 ಆಂಬುಲೆನ್ಸ್‌ಗೆ ಕರೆ ಮಾಡಿ ಚೀಟಿ ಬರೆದವಳೂ ಆಕೆ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿದಿದೆ. ರಸ್ತೆ, ಆಂಬುಲೆನ್ಸ್, ಆಸ್ಪತ್ರೆ ಹೆರಿಗೆ, ಹೆಣ್ಣುಮಕ್ಕಳ ಓದು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಸರಿಯಾದ ಹೊತ್ತಿಗೆ ಪಟ್ಟಿ ಸುತ್ತಿ ನೋಡಿದ ಕೈಯ ಪಾಲನ್ನು ಮಾತ್ರ ಯಾರೂ ಎಣಿಸಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಕಡಿಮೆ ಓದಿದವರಿಗೆ ಹೆಚ್ಚು ಅಧಿಕಾರ ಕೊಟ್ಟರೆ ರೋಗಿಗೆ ಅಪಾಯ ಎನ್ನುವವರ ಕೈಯಲ್ಲಿ ಪುರಾವೆಯೂ ಇದೆ. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವೀಧರ ನರ್ಸ್‌ಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದ ಕಡೆ ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಸಾಧ್ಯತೆ ಶೇ. 7ರಷ್ಟು ಕಡಿಮೆ ಇತ್ತು. ಈ ಅಂಶವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು: ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದರೂ ಸಾವಿನ ಸಾಧ್ಯತೆ ಶೇ. 7ರಷ್ಟು ಏರುತ್ತದೆ. ಓದಿನ ಕೊರತೆಯನ್ನು ಮುಂದಿಟ್ಟು ಅಧಿಕಾರ ನಿರಾಕರಿಸುವವರು ಕೆಲಸದ ಹೊರೆಯ ಈ ಮಾತನ್ನು ಅಷ್ಟೇ ಜೋರಾಗಿ ಹೇಳುವುದಿಲ್ಲ. ಅದಲ್ಲದೆ, ಆ ಪುರಾವೆಯಿಂದ ಹೊರಡುವ ತೀರ್ಮಾನ ತರಬೇತಿ ಹೆಚ್ಚಿಸಿ ಎಂಬುದೇ ಹೊರತು ಬಾಯಿ ಮುಚ್ಚಿಸಿ ಎಂಬುದಲ್ಲ. ಕಡಿಮೆ ತರಬೇತಿ ಪಡೆದವಳಿಗೆ ‘ಇದು ನನ್ನ ಕೈ ಮೀರಿದ್ದು’ ಎಂದು ಹೇಳುವ ಹಕ್ಕು ಹೆಚ್ಚು ಬೇಕು, ಕಡಿಮೆ ಅಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯ ಇದನ್ನು ನಿಯಮವಾಗಿಯೇ ಮಾಡಿಕೊಂಡಿದೆ. ಅಲ್ಲಿ ಎರಡೂ ದರ್ಜೆಯ ನರ್ಸ್‌ಗಳು ಒಂದೇ ಕಾಲೇಜ್ ಆಫ್ ನರ್ಸಸ್‌ನ ಸದಸ್ಯರು. ಯಾರು ಯಾವ ರೋಗಿಯನ್ನು ನೋಡಬೇಕೆಂಬುದನ್ನು ಮೂರು ಅಂಶ ತೂಗಿ ನಿರ್ಧರಿಸುತ್ತಾರೆ: ರೋಗಿಯ ಸ್ಥಿತಿ ಎಷ್ಟು ಜಟಿಲ, ನರ್ಸ್‌ಗೆ ಎಷ್ಟು ತಿಳಿವಳಿಕೆ, ಸುತ್ತಲಿನ ಬೆಂಬಲ ಎಷ್ಟು. ಹೀಗೆ ತೂಗಿ ಹಿಂದೆ ಸರಿಯುವುದು ಅಲ್ಲಿ ಅವಿಧೇಯತೆಯಲ್ಲ, ವೃತ್ತಿಧರ್ಮ.

ತಡೆಯುವ ಹಕ್ಕು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಭಾರತದ ಕುಟುಂಬ ಯೋಜನೆಯ ಇತಿಹಾಸಕ್ಕಿಂತ ಕಹಿ ಸಾಕ್ಷಿ ಬೇಕಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಟಾರ್ಗೆಟ್ ಎಂಬ ಇಂಗ್ಲಿಷ್ ಪದ ಹಳ್ಳಿಯ ಮಾತಿಗೂ ಬಂದು ಕೂತಿತು. 1996ರ ಏಪ್ರಿಲ್‌ನಲ್ಲಿ ಸರ್ಕಾರ ದೇಶದಾದ್ಯಂತ ಗುರಿಗಳನ್ನು ಕೈಬಿಟ್ಟಿತು. ಕೈಬಿಟ್ಟ ಗುರಿ ‘ನಿರೀಕ್ಷಿತ ಸಾಧನೆ’ ಎಂಬ ಹೆಸರಿನಲ್ಲಿ ಹಿಂಬಾಗಿಲಿನಿಂದ ಒಳಬಂದಿತು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯ ಸಂತಾನಹರಣ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಆಯಿತು. ಆ ದಿನಗಳ ಶಿಬಿರಗಳಿಗೆ ಹೋದವರಲ್ಲಿ 13 ಮಂದಿ ಸತ್ತರು. 2016ರ ಸೆಪ್ಟೆಂಬರ್‌ನಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಹೇಳಿತು. ಶಿಬಿರಗಳಿಗೆ ಹೆಂಗಸರನ್ನು ಮನವೊಲಿಸಿ ಕರೆದೊಯ್ಯುವುದು ಎಲ್ಲೆಡೆ ಕೆಳಹಂತದ ಆರೋಗ್ಯ ಕಾರ್ಯಕರ್ತೆಯರ ಪಾಲಿನ ಕೆಲಸವಾಗಿತ್ತು. ಊರಿನ ಹೆಂಗಸರು ಹೊರಟದ್ದು ಸರ್ಜನ್‌ನನ್ನು ನಂಬಿ ಅಲ್ಲ, ಅವನು ಯಾರೆಂದೇ ಅವರಿಗೆ ಗೊತ್ತಿರಲಿಲ್ಲ. ಅವರು ನಂಬಿದ್ದು ತಮ್ಮ ಸಿಸ್ಟರನ್ನು. ಆ ನಂಬಿಕೆಯನ್ನು ಸಂಖ್ಯೆಗಾಗಿ ಬಳಸಿಕೊಳ್ಳುವ ವ್ಯವಸ್ಥೆಯಲ್ಲಿ ‘ಈ ಶಿಬಿರ ಸುರಕ್ಷಿತವಲ್ಲ, ನನ್ನ ಊರಿನವರನ್ನು ಕಳಿಸುವುದಿಲ್ಲ’ ಎಂದು ಹೇಳುವ ಒಬ್ಬಳಿಗೆ ಕಾನೂನಿನ ಬೆಂಬಲ ಇರಬೇಕಿತ್ತು.

ಸಂಖ್ಯೆಯ ಒತ್ತಡ ಇನ್ನೂ ಸಣ್ಣ ಜಾಗಗಳಲ್ಲಿ, ಇನ್ನೂ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಬಸುರಿಯರ ತಪಾಸಣೆ ದಾಖಲಿಸುವ ತಾಯಿ ಕಾರ್ಡಿನಲ್ಲಿ ಬಿ.ಪಿ. ಬರೆಯುವ ಒಂದು ಕಾಲಂ ಇದೆ. ತಪಾಸಣೆಯ ದಿನ ಎಪ್ಪತ್ತು ಮಂದಿ ಸಾಲಿನಲ್ಲಿದ್ದರೆ, ಸಂಜೆಯೊಳಗೆ ವರದಿ ಹೋಗಬೇಕಿದ್ದರೆ, ಅಳೆಯದೆ 120/80 ಎಂದು ಬರೆದುಬಿಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಆ ಅಂಕಿ ಬರೀ ಸುಳ್ಳಲ್ಲ. ಮೇಲೆ ಹೇಳಿದ ಮೆಗ್ನೀಷಿಯಂ ಸಲ್ಫೇಟಿನ ಡೋಸ್ ಬೇಕಿದ್ದ ಹೆಂಗಸಿನ ಬಾಗಿಲನ್ನು ಅದು ಮುಚ್ಚಿಬಿಡುತ್ತದೆ. ಇದನ್ನು ಬರೆದವಳ ತಪ್ಪು ತಪ್ಪೇ. ಹೊರೆ ಹೆಚ್ಚಿತ್ತೆಂಬ ಕಾರಣಕ್ಕೆ ಅದಕ್ಕೆ ಮಾಫಿ ಇಲ್ಲ. ಆದರೆ ಖಾಲಿ ಕಾಲಂಗೆ ನೋಟಿಸ್ ಕೊಟ್ಟು ತುಂಬಿದ ಕಾಲಂಗೆ ಶಹಬ್ಬಾಸ್ ಎನ್ನುವ ಮೇಲ್ವಿಚಾರಣೆ ಸುಳ್ಳನ್ನು ಬೆಳೆಸುತ್ತದೆ. ‘ಅಳೆಯಲಾಗಲಿಲ್ಲ’ ಎಂದು ಬರೆಯಲು ಧೈರ್ಯ ಬೇಕಾಗದಂಥ ಕಚೇರಿ ಎಲ್ಲಿದೆಯೋ ಅಲ್ಲಿ ಮಾತ್ರ ಅಂಕಿಗಳನ್ನು ನಂಬಬಹುದು.

ಗುಟ್ಟು ಕಾಪಾಡುವ ವಿಷಯದಲ್ಲಿ ಪ್ರಶ್ನೆ ಇನ್ನೂ ತೊಡಕಾಗುತ್ತದೆ. ನಗರದ ಆಸ್ಪತ್ರೆಯಲ್ಲಿ ರೋಗಿ ಅಪರಿಚಿತೆ. ಹಳ್ಳಿಯಲ್ಲಿ ಆಕೆಯ ಅತ್ತೆ, ನಾದಿನಿ, ಅಂಗನವಾಡಿ ಟೀಚರು ಎಲ್ಲರೂ ಸಿಸ್ಟರ್‌ಗೆ ಪರಿಚಯದವರು. ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದೆಂದು 2017ರ ಕಾಯ್ದೆ ಹೇಳುತ್ತದೆ. ಅಲ್ಲಿ ದಾರಿ ಬಹುಮಟ್ಟಿಗೆ ಸ್ಪಷ್ಟ. ಹದಿನೇಳರ ಹುಡುಗಿ ಬಸುರಿಯಾಗಿ ಉಪಕೇಂದ್ರಕ್ಕೆ ಬಂದಾಗ ಹಾಗಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಇಂಥದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ಮಕ್ಕಳನ್ನು ಕಾಪಾಡಬೇಕು, ಬಾಲ್ಯವಿವಾಹ ತಡೆಯಬೇಕೆಂಬ ಉದ್ದೇಶ ನ್ಯಾಯವಾದದ್ದೇ. ಆದರೆ ಹುಡುಗಿಗೆ ಮದುವೆಯಾಗಿದ್ದು, ಗಂಡನ ಮೇಲೆ ಕೇಸು ಬೀಳುತ್ತದೆಂದು ಹೆದರಿದ ಕುಟುಂಬ ಹುಡುಗಿಯನ್ನು ಉಪಕೇಂದ್ರದ ಕಡೆಗೆ ಸುಳಿಯಲೂ ಬಿಡದಿದ್ದರೆ, ಹೆಚ್ಚು ಅಪಾಯವಿರುವ ಬಸುರಿಗೇ ಆರೈಕೆ ತಪ್ಪುತ್ತದೆ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಬಿಕ್ಕಟ್ಟನ್ನು ಗುರುತಿಸಿತು: ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ, ನೋಂದಾಯಿತ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಗುರುತು ಹೇಳಬೇಕಿಲ್ಲ. ಈ ವಿವೇಚನೆ ಸಿಕ್ಕಿದ್ದು ವೈದ್ಯರಿಗೆ. ಹುಡುಗಿ ಮೊದಲು ಬಾಯಿಬಿಡುವುದು ಯಾರ ಮುಂದೆ ಎಂದು ಕೇಳಿದರೆ, ಬಹಳ ಸಲ ಉತ್ತರ ಎ.ಎನ್.ಎಂ. ಅಥವಾ ಆಶಾ. ಕಾನೂನು ಅವರಿಗೆ ಕರ್ತವ್ಯ ಕೊಟ್ಟಿದೆ, ವಿವೇಚನೆ ಕೊಟ್ಟಿಲ್ಲ.

ಇಷ್ಟಾದರೂ, ನರ್ಸಿಂಗ್ ಎಂದರೆ ಸೇವೆ, ಹಕ್ಕು ಅಧಿಕಾರಗಳ ಮಾತು ಅದರ ಮಮತೆಯನ್ನು ಕೆಡಿಸುತ್ತದೆ ಎನ್ನುವವರಿದ್ದಾರೆ. ಅವರಿಗೆ, ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯ ನರ್ಸ್ ಆಗಿದ್ದ ಅರುಣಾ ಶಾನಭಾಗರ ಪ್ರಕರಣವನ್ನು ನೆನಪಿಸಬೇಕು. 1973ರ ನವೆಂಬರ್‌ನ ಹಲ್ಲೆಯಿಂದ ಹಾಸಿಗೆ ಹಿಡಿದ ನಂತರ 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ, 41 ವರ್ಷ ದಾಟಿ, ಅಲ್ಲಿನ ನರ್ಸ್‌ಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಉಣಿಸಿದರು, ಮಗ್ಗುಲು ಬದಲಿಸಿದರು, ಹಾಸಿಗೆ ಹುಣ್ಣಾಗದಂತೆ ಕಾಪಾಡಿದರು. ಅದು ಮಮತೆಯೇ. ಆದರೆ 2011ರ ಮಾರ್ಚ್ 7ರಂದು ದಯಾಮರಣದ ಅರ್ಜಿಯ ಮೇಲೆ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಆ ಮಮತೆಯನ್ನು ಹೊಗಳಿ ಸುಮ್ಮನಾಗಲಿಲ್ಲ. ಅರುಣಾ ಪರವಾಗಿ ಮಾತಾಡುವ ಹಕ್ಕು ಅವರ ಬಗ್ಗೆ ಪುಸ್ತಕ ಬರೆದ ಅರ್ಜಿದಾರರಿಗಲ್ಲ, ದಿನವೂ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದು ಎಂದಿತು. ಮೈ ಮುಟ್ಟಿ ನೋಡಿಕೊಂಡವರ ಮಾತಿಗೆ ಕಾನೂನಿನಲ್ಲೂ ತೂಕವಿದೆ ಎಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಒಪ್ಪಿದ ಮೇಲೆ, ಉಪಕೇಂದ್ರದ ಎ.ಎನ್.ಎಂ. ಮಾತನ್ನು ಬರೀ ಸೇವೆ ಎಂದು ಬದಿಗಿಡಲು ಕಾರಣ ಉಳಿಯುವುದಿಲ್ಲ. ಲಿಟಲ್ ಅಂಡಮಾನಿನ ಓಂಗೆ ಜನರ ನಡುವೆ ದುಡಿದ ಎ.ಎನ್.ಎಂ. ಶಾಂತಿ ತೆರೆಸಾ ಲಾಕ್ರಾ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ಗೌರವ ಸಲ್ಲಬೇಕಾದದ್ದೇ; ಅದು ಒಬ್ಬರಿಗೆ ಸಲ್ಲುತ್ತದೆ, ನಿಯಮವಾದರೆ ಎಲ್ಲರಿಗೂ ಸಲ್ಲುತ್ತದೆ.

ಆ ನಿಯಮ ಬರೆಯಲು ಈಗ ಜಾಗವಿದೆ. 1947ರ ಕಾಯ್ದೆಯ ಬದಲಿಗೆ ಬಂದ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯಲ್ಲಿ ನೀತಿ ಮತ್ತು ನೋಂದಣಿಗೆಂದೇ ಒಂದು ಮಂಡಳಿಗೆ ಅವಕಾಶವಿದೆ. ಆ ಮಂಡಳಿ ಎ.ಎನ್.ಎಂ.ಗಳಿಗಾಗಿ ಬರೆಯುವ ಸಂಹಿತೆಯಲ್ಲಿ ದಯೆ, ಪ್ರಾಮಾಣಿಕತೆ, ಸಮಯಪಾಲನೆಗಳ ಪಟ್ಟಿ ಇದ್ದೇ ಇರುತ್ತದೆ. ಅದರ ಜೊತೆಗೆ ಅಸುರಕ್ಷಿತವೆನಿಸಿದ ಕೆಲಸವನ್ನು ಕಾರಣ ಬರೆದು ನಿರಾಕರಿಸುವ ಹಕ್ಕು, ಹಾಗೆ ನಿರಾಕರಿಸಿದವಳಿಗೆ ವರ್ಗಾವಣೆ ಮತ್ತು ನೋಟಿಸಿನಿಂದ ರಕ್ಷಣೆ, ಆಕೆಯ ಬರಹಕ್ಕೆ ಗೊತ್ತುಪಡಿಸಿದ ದಿನಗಳೊಳಗೆ ಮೇಲಿನವರ ಲಿಖಿತ ಉತ್ತರ, ಇವು ಸೇರಬೇಕು. ಬಸುರಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಲು ಉಪಕೇಂದ್ರದಲ್ಲಿ ಒಂದು ಅಚ್ಚಾದ ಚೀಟಿ ಇದೆ. ನಿರಾಕರಣೆಗೂ ಅಂಥದೇ ಒಂದು ಚೀಟಿ ಅಚ್ಚಾಗಬೇಕು.