ಲಂಡನ್ನಿನ ಉಸಿರುಗಟ್ಟಿಸಿದ ಐದು ದಿನಗಳು

1952ರ ಡಿಸೆಂಬರ್ 5, ಶುಕ್ರವಾರ. ಲಂಡನ್ ನಗರದ ಮೇಲೆ ಕವಿದ ಮಂಜನ್ನು ಕಂಡು ಅಲ್ಲಿನ ಜನ ಗಾಬರಿಪಡಲಿಲ್ಲ. ಚಳಿಗಾಲದ ಮಂಜು ಅವರಿಗೆ ಹೊಸದೇನೂ ಆಗಿರಲಿಲ್ಲ. ಆದರೆ ಈ ಮಂಜು ಹೊತ್ತೇರಿದರೂ ಕರಗಲಿಲ್ಲ. ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿಗೆ ಘಾಟು ಹೊಡೆಯತೊಡಗಿತು. ಐದು ದಿನಗಳ ನಂತರ ಗಾಳಿ ಬೀಸಿ ಅದು ಚದುರುವಷ್ಟರಲ್ಲಿ ಸಾವಿರಾರು ಮಂದಿ ಪ್ರಾಣ ಕಳೆದುಕೊಂಡಿದ್ದರು.

ಇದು ಬರಿಯ ಮಂಜಲ್ಲ, ಕಲ್ಲಿದ್ದಲ ಹೊಗೆ ಬೆರೆತ ‘ಸ್ಮಾಗ್’, ಅರ್ಥಾತ್ ಹೊಗೆಮಂಜು. ಲಂಡನ್ನಿಗೆ ಈ ಪಿಡುಗು ಅಂಟಿಕೊಂಡು ಶತಮಾನಗಳೇ ಆಗಿದ್ದವು. 14ನೇ ಶತಮಾನದ ಆರಂಭದಲ್ಲೇ ದೊರೆ ಒಂದನೇ ಎಡ್ವರ್ಡ್ ಕಲ್ಲಿದ್ದಲು ಉರಿಸುವುದನ್ನು ನಿಷೇಧಿಸಲು ಯತ್ನಿಸಿದ್ದ. 1661ರಲ್ಲಿ ಜಾನ್ ಎವೆಲಿನ್ ಈ ಹೊಗೆಯ ವಿರುದ್ಧ ಪುಸ್ತಕವನ್ನೇ ಬರೆದ. ಆದರೂ ಸೌದೆ ದುರ್ಲಭವಾದ ಊರಿನಲ್ಲಿ ಕಲ್ಲಿದ್ದಲನ್ನು ಬಿಡುವವರು ಯಾರು?

1952ರಲ್ಲಿ ಹಲವು ಕಾರಣಗಳು ಒಟ್ಟಿಗೇ ಕೂಡಿಬಂದವು. ಮಹಾಯುದ್ಧದ ನಂತರ ಸಾಲದಲ್ಲಿದ್ದ ಬ್ರಿಟನ್ ಒಳ್ಳೆಯ ಕಲ್ಲಿದ್ದಲನ್ನು ರಫ್ತು ಮಾಡುತ್ತಿತ್ತು. ಮನೆಯ ಅಗ್ಗಿಷ್ಟಿಕೆಗೆ ಸಿಗುತ್ತಿದ್ದುದು ಹೊಗೆ ಹೆಚ್ಚು ಕಾರುವ ಅಗ್ಗದ ಪುಡಿ ಕಲ್ಲಿದ್ದಲು. ವಿದ್ಯುತ್ ಸ್ಥಾವರಗಳು ನಗರದೊಳಗೇ ಇದ್ದವು. ಅದೇ ಜುಲೈನಲ್ಲಿ ವಿದ್ಯುತ್ ಟ್ರಾಮುಗಳು ನಿಂತು, ಅವುಗಳ ಜಾಗಕ್ಕೆ ಡೀಸೆಲ್ ಬಸ್ಸುಗಳು ಬಂದಿದ್ದವು.

ಸಾಮಾನ್ಯವಾಗಿ ಬಿಸಿ ಹೊಗೆ ಮೇಲೇರಿ ಚದುರಿಹೋಗುತ್ತದೆ. ಆದರೆ ಆ ದಿನಗಳಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಪಾತ್ರೆಗೆ ಮುಚ್ಚಳ ಹಾಕಿದಂತೆ ಕುಳಿತಿತು. ಗಾಳಿ ಬೀಸಲಿಲ್ಲ. ಚಳಿ ಹೆಚ್ಚಿದಷ್ಟೂ ಜನ ಕಲ್ಲಿದ್ದಲು ಹೆಚ್ಚು ಉರಿಸಿದರು. ಬ್ರಿಟನ್ನಿನ ಹವಾಮಾನ ಇಲಾಖೆಯ ಲೆಕ್ಕದಂತೆ ದಿನವೊಂದಕ್ಕೆ 1,000 ಟನ್ ಹೊಗೆಯ ಕಣಗಳು, 370 ಟನ್ ಸಲ್ಫರ್ ಡೈಆಕ್ಸೈಡ್ ಗಾಳಿಗೆ ಸೇರಿದವು.

ಬಸ್ಸುಗಳ ಮುಂದೆ ಕಂಡಕ್ಟರುಗಳು ಟಾರ್ಚು ಹಿಡಿದು ನಡೆದರು. ಕೊನೆಗೆ ಬಸ್ ಸಂಚಾರವೇ ನಿಂತು, ಸುರಂಗ ರೈಲುಗಳಷ್ಟೇ ಓಡಿದವು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದೊಳಗೂ ಮಂಜು ನುಗ್ಗಿ, ಸಂಗೀತ ನಾಟಕವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸ್ಮಿತ್‌ಫೀಲ್ಡ್ ಜಾನುವಾರು ಪ್ರದರ್ಶನಕ್ಕೆ ತಂದಿದ್ದ ಕೊಬ್ಬಿದ ದನಗಳು ಉಸಿರಾಡಲಾಗದೆ ಕುಸಿದವು.

ಮನುಷ್ಯರ ಸಾವು ಮಾತ್ರ ಕಣ್ಣಿಗೆ ಬೀಳಲಿಲ್ಲ. ಯಾರೂ ಬೀದಿಯಲ್ಲಿ ಸಾಲಾಗಿ ಬಿದ್ದು ಸಾಯಲಿಲ್ಲ. ಸಲ್ಫರ್ ಡೈಆಕ್ಸೈಡ್ ಮಂಜಿನ ಹನಿಗಳಲ್ಲಿ ಸೇರಿ ಗಂಧಕಾಮ್ಲವಾಗುತ್ತದೆ. ಮಸಿಯ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಶ್ವಾಸನಾಳ ಊದಿಕೊಂಡು ಕಫ ಕಟ್ಟುತ್ತದೆ, ಹೃದಯಕ್ಕೆ ಆಯಾಸವಾಗುತ್ತದೆ. ಹಸುಳೆಗಳು, ಮುದುಕರು, ಮೊದಲೇ ಎದೆರೋಗವಿದ್ದವರು ತಮ್ಮ ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ ಕಣ್ಮುಚ್ಚಿದರು. ಶವಪೆಟ್ಟಿಗೆಗಳ ಅಭಾವ ತಲೆದೋರಿದಾಗಲೇ ಅನಾಹುತದ ಪ್ರಮಾಣ ಅರಿವಾದದ್ದು.

ಸತ್ತವರೆಷ್ಟು? ಮೊದಲ ಲೆಕ್ಕ ಸುಮಾರು 4,000. ಆದರೆ ಸಾವಿನ ಸಂಖ್ಯೆ ನಂತರದ ತಿಂಗಳುಗಳಲ್ಲೂ ಇಳಿಯಲಿಲ್ಲ. ಇದಕ್ಕೆ ಇನ್‌ಫ್ಲುಯೆಂಜಾ ಕಾರಣವೆಂದು ಸರ್ಕಾರ ಹೇಳಿತು. 2001ರಲ್ಲಿ ಸಂಶೋಧಕರಾದ ಮಿಷೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಅಂಕಿ ಅಂಶಗಳನ್ನು ಮರುಪರಿಶೀಲಿಸಿ, ಫೆಬ್ರುವರಿವರೆಗಿನ ಹೆಚ್ಚುವರಿ ಸಾವುಗಳನ್ನು ಸುಮಾರು 12,000 ಎಂದು ಅಂದಾಜಿಸಿದರು. ಇನ್‌ಫ್ಲುಯೆಂಜಾ ಒಂದೇ ಇದನ್ನು ವಿವರಿಸಲಾರದು ಎಂಬುದು ಅವರ ತೀರ್ಮಾನ.

ಆಳುವವರು ಮೊದಮೊದಲು ಮೀನಮೇಷ ಎಣಿಸಿದರು. 1953ರಲ್ಲಿ ಹ್ಯೂ ಬೀವರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಅದರ ವರದಿಯ ಫಲವೇ 1956ರ ಶುದ್ಧ ಗಾಳಿ ಕಾಯ್ದೆ. ಹೊಗೆರಹಿತ ವಲಯಗಳು ಬಂದವು. ಒಲೆ ಬದಲಿಸಲು ಮನೆಯವರಿಗೆ ಸಹಾಯಧನ ಸಿಕ್ಕಿತು. ಆದರೂ ಬದಲಾವಣೆ ನಿಧಾನ. 1962ರ ಡಿಸೆಂಬರಿನಲ್ಲಿ ಹೊಗೆಮಂಜು ಮರಳಿ ಬಂದು ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿದ್ದು 2024ರಲ್ಲಿ.

ಈ ದುರಂತಕ್ಕೆ ಒಬ್ಬ ಅಪರಾಧಿಯಿಲ್ಲ. ಸ್ಥಾವರಗಳ ದೊಡ್ಡ ಚಿಮಣಿಗಳ ಜೊತೆಗೆ, ಮಕ್ಕಳನ್ನು ಬೆಚ್ಚಗಿಡಲು ಮನೆಮನೆಯಲ್ಲೂ ಹೊತ್ತಿಸಿದ ಬೆಂಕಿಯೂ ಅದರಲ್ಲಿ ಪಾಲುದಾರ. ತನ್ನ ಮನೆಯ ಹೊಗೆ ಎಷ್ಟರದ್ದು ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದಾಗ, ಊರಿನ ಹೊಗೆಗೆ ಹೊಣೆಗಾರರೇ ಇರಲಿಲ್ಲ. ಆ ಹೊಣೆಯನ್ನು ಎಲ್ಲರಿಗೂ ಹಂಚಿದ್ದೇ 1956ರ ಕಾಯ್ದೆಯ ಹಿರಿಮೆ.