ಜಗಲಿಗೆ ಬಾರದ ವಾದ

ಶೃಂಗೇರಿಯಲ್ಲಿ ಭಾದ್ರಪದ ಮಾಸದಲ್ಲಿ ನಡೆಯುವ ಮಹಾಗಣಪತಿ ವಾಕ್ಯಾರ್ಥ ಸಭೆಯನ್ನು ಒಮ್ಮೆ ಕಂಡವರಿಗೆ ಅದರ ಕ್ರಮ ಮರೆಯುವುದಿಲ್ಲ. ವಿದ್ವಾಂಸರೊಬ್ಬರು ಶಾಸ್ತ್ರದ ಒಂದು ವಿಷಯವನ್ನೆತ್ತಿಕೊಂಡು ಮಂಡಿಸುತ್ತಾರೆ. ಎದುರಿಗಿದ್ದವರು ಆಕ್ಷೇಪವೆತ್ತುತ್ತಾರೆ. ಮಂಡಿಸಿದವರು ಆ ಆಕ್ಷೇಪಕ್ಕೆ ಸಮಾಧಾನ ಹೇಳದೆ ಮುಂದಿನ ಮಾತಿಗೆ ಹೋಗುವಂತಿಲ್ಲ. ಶಂಕರರಿಗೂ ಮಂಡನಮಿಶ್ರರಿಗೂ ನಡೆಯಿತೆನ್ನುವ ವಾದದ ಕಥೆಯಂತೂ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಮಂಡನರ ಪತ್ನಿ ಉಭಯಭಾರತಿಯೇ ಮಧ್ಯಸ್ಥೆ. ಇಬ್ಬರ ಕೊರಳಿಗೂ ಒಂದೊಂದು ಹೂಮಾಲೆ. ಯಾರ ಮಾಲೆ ಬಾಡಿತೋ ಅವರು ಸೋತಂತೆ. ಸೋತವರು ಗೆದ್ದವರ ಆಶ್ರಮವನ್ನು ಸ್ವೀಕರಿಸಬೇಕು. ಸೋತ ಮಂಡನರೇ ಸುರೇಶ್ವರಾಚಾರ್ಯರಾಗಿ ಶೃಂಗೇರಿಯ ಪೀಠದಲ್ಲಿ ಕುಳಿತರೆಂಬುದು ಸಂಪ್ರದಾಯ. ಇಬ್ಬರೂ ಒಬ್ಬರೇ ಎಂಬುದನ್ನು ಒಪ್ಪದ ಪಂಡಿತರೂ ಇದ್ದಾರೆ. ಅದು ಬೇರೆಯೇ ಒಂದು ವಾದ.

ನ್ಯಾಯಶಾಸ್ತ್ರದವರು ಮಾತಿನ ಕಲಹವನ್ನು ಮೂರಾಗಿ ವಿಂಗಡಿಸಿದ್ದಾರೆ. ಸತ್ಯವನ್ನು ತಿಳಿಯಬೇಕೆಂದು ನಡೆಸುವುದು ವಾದ. ಗೆಲ್ಲಲೇಬೇಕೆಂದು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸುವ ಗೋಜಿಗೇ ಹೋಗದೆ ಎದುರಾಳಿಯದನ್ನು ಕೆಡವುವುದಷ್ಟೇ ಗುರಿಯಾದರೆ ಅದು ವಿತಂಡ. ಇಲ್ಲಿ 'ಪಕ್ಷ' ಎಂದರೆ ಒಬ್ಬನು ಸಾಧಿಸಲು ಹೊರಟ ಮಾತು. ಅದೇ ಶಬ್ದ ರಾಜಕೀಯದ ಗುಂಪಿಗೆ ಹೆಸರಾದದ್ದು ಬಹಳ ಈಚೆಗೆ.

ಈ ಪೀಠಿಕೆಯನ್ನು ಹಾಕುವುದಕ್ಕೆ ಕಾರಣಳಾದವಳು ಒಬ್ಬ ಹುಡುಗಿ. 2011ರ ಆಗಸ್ಟ್ ತಿಂಗಳ ಮೊದಲ ವಾರ. ಹೊರಗೆ ಬಿಡದೆ ಮಳೆ. ಸ್ವಾತಂತ್ರ್ಯ ದಿನಾಚರಣೆಯ ಚರ್ಚಾಸ್ಪರ್ಧೆಗೆ ಮಕ್ಕಳನ್ನು ಸಿದ್ಧಪಡಿಸುತ್ತಿದ್ದೆ. ಬೆಂಗಳೂರಿನಲ್ಲಿ ಆಳುವ ಪಕ್ಷದ ಶಾಸಕರು ಶ್ರೀ ಡಿ. ವಿ. ಸದಾನಂದ ಗೌಡರು, ಶ್ರೀ ಜಗದೀಶ ಶೆಟ್ಟರ್ ಇವರಿಬ್ಬರ ನಡುವೆ ಒಬ್ಬರನ್ನು ಗುಪ್ತ ಮತದಾನದಿಂದ ಆರಿಸಿದರೆಂಬ ವಾರ್ತೆ ಆಗತಾನೇ ಬಂದಿತ್ತು. ಹತ್ತನೆಯ ತರಗತಿಯ ಹುಡುಗಿ ಎದ್ದು ನಿಂತು, "ಸಾರ್, ಅವರಿಬ್ರೂ ಎಲ್ಲಿ ಮಾತಾಡಿದ್ರು? ಯಾರು ಏನು ಹೇಳಿದ್ರು ಅಂತ ಪೇಪರಿನಲ್ಲಿ ಬಂದೇ ಇಲ್ವಲ್ಲ?" ಎಂದಳು.

"ಅದು ಚರ್ಚೆ ಅಲ್ಲಮ್ಮ, ಆಯ್ಕೆ" ಎಂದೆ.

"ಹಾಗಾದ್ರೆ ಯಾವುದನ್ನು ಕೇಳಿ ಓಟು ಹಾಕಿದ್ರು?"

ಉತ್ತರ ಹೊಳೆಯದೆ, ಮಾರನೆಯ ದಿನ ಹೇಳುತ್ತೇನೆಂದು ಕೂರಿಸಿದೆ. ಮಾರನೆಯ ದಿನವೂ ಹೇಳಲಿಲ್ಲ. ಈ ಲೇಖನ ಅಂದಿನ ಸಾಲವನ್ನು ತೀರಿಸುವ ಪ್ರಯತ್ನ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳು ರಾಜಧಾನಿಯಿಂದ ದೂರವಿದ್ದರೂ ರಾಜ್ಯದ ನಾಯಕತ್ವದ ಪೈಪೋಟಿಗಳಿಂದ ದೂರವಾಗಿರಲಿಲ್ಲ. ಮೊದಲನೆಯದಾಗಿ ನೆನೆಯಬೇಕಾದದ್ದು 1956ರ ಇಸವಿ. ಹಳೆಯ ಮೈಸೂರು ಸಂಸ್ಥಾನದ ಮುಖ್ಯಮಂತ್ರಿಗಳಾಗಿದ್ದ ಶ್ರೀ ಕೆಂಗಲ್ ಹನುಮಂತಯ್ಯನವರು ಸ್ವಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡು ಆ ಆಗಸ್ಟಿನಲ್ಲಿ ರಾಜೀನಾಮೆಯಿತ್ತರು. ಅವರ ಮಂತ್ರಿಮಂಡಲದಲ್ಲಿ ಕಂದಾಯ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಶ್ರೀ ಕಡಿದಾಳ್ ಮಂಜಪ್ಪನವರನ್ನು ಕಾಂಗ್ರೆಸ್ ಶಾಸಕಾಂಗ ಪಕ್ಷ ನಾಯಕರನ್ನಾಗಿ ಆರಿಸಿತು. ಆಗಸ್ಟ್ 19ರಂದು ಅವರು ಅಧಿಕಾರ ವಹಿಸಿಕೊಂಡರು. ಮಂಜಪ್ಪನವರು ಕೊಪ್ಪದ ನೆರೆಯ ತೀರ್ಥಹಳ್ಳಿ ತಾಲ್ಲೂಕಿನವರು. ಮುಂದೆ 1957ರ ಚುನಾವಣೆಯಲ್ಲಿ ಶೃಂಗೇರಿ ಕ್ಷೇತ್ರದಿಂದಲೇ ಗೆದ್ದು ಬಂದವರು. ಒಟ್ಟಿನಲ್ಲಿ ನಮ್ಮ ಕಡೆಯವರು.

ಆ ಎರಡೂವರೆ ತಿಂಗಳ ಆಳ್ವಿಕೆ ಮಲೆನಾಡಿಗೆ ಏಕೆ ಮುಖ್ಯವಾಗಿತ್ತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಡಕೆ ತೋಟವೂ ಗದ್ದೆಯೂ ಒಬ್ಬರ ಹೆಸರಿನಲ್ಲಿ, ಕೆಸರಿಗಿಳಿಯುವ ಕಾಲು ಇನ್ನೊಬ್ಬರದು ಎಂಬ ಸ್ಥಿತಿ ಈ ಸೀಮೆಯಲ್ಲಿ ಸಾಮಾನ್ಯವಾಗಿತ್ತು. ವರ್ಷಕ್ಕಿಷ್ಟು ಗೇಣಿ ಎಂದು ಅಳೆದುಕೊಟ್ಟು, ಉಳಿದದ್ದರಲ್ಲಿ ಮಳೆಗಾಲ ಕಳೆಯಬೇಕು. ಶೃಂಗೇರಿಯದು ಮಠದ ಜಹಗೀರು. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ ಮೇಲೆ ಗೇಣಿಯ ಪ್ರಶ್ನೆ ಮನೆಮನೆಯ ಮಾತಾಯಿತು. 1952ರ ಗೇಣಿ ಕಾಯಿದೆ, 1954 ಮತ್ತು 1955ರ ಇನಾಂ ರದ್ದತಿ ಕಾಯಿದೆಗಳು ಬಂದದ್ದು ಈ ಹಿನ್ನೆಲೆಯಲ್ಲಿ. ಇಂಥ ಕಾಲದಲ್ಲಿ ಕಂದಾಯ ಖಾತೆಯವರೇ ಮುಖ್ಯಮಂತ್ರಿಗಳಾಗುವುದೆಂದರೆ ಒಡೆಯನಿಗೂ ಒಕ್ಕಲಿಗೂ ಕಿವಿ ನಿಮಿರಬೇಕಾದ ಸಂಗತಿಯೇ ಸರಿ. ಗೇಣಿಯ ಗತಿಯೇನು? ಇನಾಂ ಭೂಮಿಯನ್ನು ಉಳುತ್ತಿದ್ದವನ ಹಕ್ಕೇನು? ನಾಯಕರಾಗಲು ಹೊರಟವರು ಒಬ್ಬರ ಮುಖ ಇನ್ನೊಬ್ಬರು ನೋಡಿಕೊಂಡು ಜನರೆದುರಿಗೆ ಇದಕ್ಕೆ ಉತ್ತರ ಕೊಡುವ ವಾಡಿಕೆ ಇರಲಿಲ್ಲ. ಬೆಂಗಳೂರಿನ ಆಕಾಶವಾಣಿ ಕೇಂದ್ರಕ್ಕೆ ಆಗ ಇನ್ನೂ ವರ್ಷ ತುಂಬಿರಲಿಲ್ಲ. ರೇಡಿಯೋ ಇದ್ದ ಮನೆಯ ಜಗಲಿಗೆ ಬಂದದ್ದು ವಾರ್ತೆ, ವಾದವಲ್ಲ.

ಹಾಗೆಂದು ಆ ಕಾಲದವರಿಗೆ ವಾದ ಮಾಡಲು ಬರುತ್ತಿರಲಿಲ್ಲವೆಂದಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 1955ರಲ್ಲಿ, ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂದಾಗ ಕನ್ನಡನಾಡು ಒಂದಾಗಬೇಕೆ, ಮೈಸೂರು ಬೇರೆಯೇ ಉಳಿಯಬೇಕೆ ಎಂದು ವಿಧಾನಸಭೆಯಲ್ಲೂ ಹೊರಗೂ ದೊಡ್ಡ ಚರ್ಚೆ ನಡೆಯಿತು. ಹನುಮಂತಯ್ಯನವರು ಏಕೀಕರಣದ ಪರ ನಿಂತರು. ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ವಿರೋಧ ಪಕ್ಷದಲ್ಲಿದ್ದೂ ಅದೇ ಮಾತನ್ನಾಡಿದರು. ಸ್ವಂತ ಪಕ್ಷದವರೇ ಎದುರು ನಿಂತು ಬೇಡವೆಂದರು. ಪ್ರತಿಜ್ಞೆ, ಹೇತು, ಆಕ್ಷೇಪ, ಸಮಾಧಾನ ಎಲ್ಲವೂ ಅಲ್ಲಿದ್ದವು. ನಾಡಿನ ಗಡಿಯ ವಿಷಯದಲ್ಲಿ ಇಷ್ಟು ಚೆನ್ನಾಗಿ ವಾದಿಸಿದ ಜನ, ನಾಡನ್ನು ಯಾರು ನಡೆಸಬೇಕೆಂಬಲ್ಲಿಗೆ ಬಂದಾಗ ಬಾಗಿಲು ಹಾಕಿಕೊಂಡರು. ನವೆಂಬರ್ 1ರಂದು ಹೊಸ ರಾಜ್ಯ ಹುಟ್ಟಿತು. ಮಂಜಪ್ಪನವರು ಹಿಂದಿನ ದಿನವೇ ಸ್ಥಾನ ಬಿಟ್ಟರು, ಶ್ರೀ ಎಸ್. ನಿಜಲಿಂಗಪ್ಪನವರು ಅಧಿಕಾರ ವಹಿಸಿಕೊಂಡರು.

ಬಾಗಿಲು ಹಾಕಿಕೊಳ್ಳುವುದಕ್ಕೆ ಕಾರಣವೇ ಇಲ್ಲವೆನ್ನಲಾಗದು. ವಿಧಾನಸಭೆಯಲ್ಲಿ ಬಹುಮತವುಳ್ಳವರನ್ನು ರಾಜ್ಯಪಾಲರು ಕರೆಯಬೇಕು. ಆ ಬಹುಮತ ಶಾಸಕರದು. ಆದ್ದರಿಂದ ಶಾಸಕರು ಒಪ್ಪಿದವರು ನಾಯಕರು. ನಾವು ಈ ಪದ್ಧತಿಯನ್ನು ಯಾರಿಂದ ಕಲಿತೆವೋ ಆ ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷದವರು ನಾಯಕನನ್ನು ಮತ ಹಾಕಿ ಆರಿಸಿದ್ದೇ 1965ರಲ್ಲಿ ಮೊದಲು. ಅದಕ್ಕೆ ಹಿಂದೆ ನಾಲ್ಕಾರು ಹಿರಿಯರು ಮಾತಾಡಿಕೊಂಡು ಹೆಸರು ಹೇಳುತ್ತಿದ್ದರು. ಕೆನಡಾ ದೇಶದವರು ಬೇರೆ ದಾರಿ ಹಿಡಿದರು. 1919ರಲ್ಲಿ ಅಲ್ಲಿನ ಲಿಬರಲ್ ಪಕ್ಷ ದೇಶದ ನಾನಾ ಕಡೆಯ ಪ್ರತಿನಿಧಿಗಳ ಸಮ್ಮೇಳನ ಕೂಡಿಸಿ ಮೆಕೆಂಜಿ ಕಿಂಗ್ ಅವರನ್ನು ಆರಿಸಿತು. 1985ರಲ್ಲಿ ಕ್ವಿಬೆಕ್ ಪ್ರಾಂತದ ಒಂದು ಪಕ್ಷ ತನ್ನ ಸದಸ್ಯರೆಲ್ಲರಿಗೂ ಮತ ಕೊಟ್ಟಿತು. ಮತ ಹಾಕುವವರು ಊರೂರಲ್ಲಿದ್ದ ಮೇಲೆ ಸ್ಪರ್ಧಿಗಳು ಊರೂರಿಗೆ ಹೋಗಿ ಒಂದೇ ವೇದಿಕೆಯಲ್ಲಿ ನಿಂತು ವಾದಿಸುವುದು ತಾನಾಗಿಯೇ ಬಂತು.

ಇವಕ್ಕಿಂತ ಹೆಚ್ಚು ನನ್ನ ಮನಸ್ಸಿಗೆ ಹಿಡಿದದ್ದು 1948ರ ಅಮೆರಿಕೆಯ ಒಂದು ಸಂಜೆ. ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಯಾರು ನಿಲ್ಲಬೇಕೆಂಬ ಪೈಪೋಟಿಯಲ್ಲಿ ಥಾಮಸ್ ಡ್ಯೂಯಿ, ಹೆರಾಲ್ಡ್ ಸ್ಟಾಸೆನ್ ಇಬ್ಬರೂ ಮೇ 17ರಂದು ಪೋರ್ಟ್‌ಲೆಂಡ್ ನಗರದಲ್ಲಿ ರೇಡಿಯೋ ಮುಂದೆ ಕುಳಿತು ಸುಮಾರು ಒಂದು ಗಂಟೆ ವಾದಿಸಿದರು. ಪ್ರಶ್ನೆ ಒಂದೇ: ಕಮ್ಯುನಿಸ್ಟ್ ಪಕ್ಷವನ್ನು ಕಾನೂನಿನಿಂದ ನಿಷೇಧಿಸಬೇಕೆ, ಬೇಡವೆ? ಸ್ಟಾಸೆನ್ ಬೇಕೆಂದರು, ಡ್ಯೂಯಿ ಬೇಡವೆಂದರು. ಕೋಟಿಗಟ್ಟಲೆ ಜನ ಮನೆಯಲ್ಲೇ ಕುಳಿತು ಕೇಳಿದರು. ಆ ಪ್ರಾಂತದ ಮತದಾನದಲ್ಲಿ ಡ್ಯೂಯಿ ಗೆದ್ದರು. ನವೆಂಬರಿನ ದೊಡ್ಡ ಚುನಾವಣೆಯಲ್ಲಿ ಟ್ರೂಮನ್ನರ ಎದುರು ಸೋತರು. ಸೋಲು ಗೆಲುವು ಹಾಗಿರಲಿ, ಒಂದು ಪ್ರಶ್ನೆಗೆ ಒಂದು ಗಂಟೆ ಕೊಟ್ಟರಲ್ಲ, ಅದು ನಮ್ಮ ವಾಕ್ಯಾರ್ಥ ಸಭೆಯವರೂ ಮೆಚ್ಚುವ ಶಿಸ್ತು.

ನಮ್ಮ ರಾಜ್ಯಕ್ಕೆ ಮರಳೋಣ. 1958ರ ಮೇ ತಿಂಗಳಲ್ಲಿ ನಿಜಲಿಂಗಪ್ಪನವರು ಹಿಂದೆ ಸರಿದಾಗ ಶ್ರೀ ಬಿ. ಡಿ. ಜತ್ತಿಯವರಿಗೂ ಹಿರಿಯ ಸ್ವಾತಂತ್ರ್ಯ ಹೋರಾಟಗಾರರಾದ ಶ್ರೀ ಟಿ. ಸುಬ್ರಹ್ಮಣ್ಯ ಅವರಿಗೂ ನಾಯಕತ್ವಕ್ಕಾಗಿ ನೇರ ಸ್ಪರ್ಧೆಯಾಯಿತು. ಜತ್ತಿಯವರು ಗೆದ್ದರು. ಇಡೀ ರಾಜ್ಯಕ್ಕೆ ಒಂದೇ ಭೂಕಾಯಿದೆ ಹೇಗಿರಬೇಕೆಂದು ಪರಿಶೀಲಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಇವರೇ. ಗೇಣಿದಾರನ ಪ್ರಶ್ನೆಯನ್ನು ಓದಿ ಬರೆದವರೇ ಅಭ್ಯರ್ಥಿಯಾಗಿದ್ದಾಗ ಅದನ್ನೇ ವಿಷಯವಾಗಿಟ್ಟುಕೊಂಡು ಇಬ್ಬರೂ ಕೊಪ್ಪದಲ್ಲೋ ಸಾಗರದಲ್ಲೋ ಒಂದು ವೇದಿಕೆ ಹತ್ತಿದ್ದರೆ ಎಷ್ಟು ಚೆನ್ನಾಗಿತ್ತು! ಪತ್ರಿಕೆಗಳಲ್ಲಿ ನಡೆದ ಲೆಕ್ಕಾಚಾರವೆಲ್ಲ ಯಾವ ಪ್ರಾಂತದವರು ಎಷ್ಟು, ಯಾವ ಬಣದವರು ಎಷ್ಟು ಎಂಬುದರ ಸುತ್ತ. ಜಾತಿಯೊಳಗಿನ ಒಳಪಂಗಡಕ್ಕೆ ಹೇಳುತ್ತಿದ್ದ 'ಬಣ' ಎಂಬ ಮಾತು ಪಕ್ಷದೊಳಗಿನ ಗುಂಪಿಗೆ ಅಂಟಿಕೊಂಡದ್ದು ಎಷ್ಟು ಸಹಜವಾಗಿದೆ ನೋಡಿ.

ಭೂಸುಧಾರಣಾ ಕಾಯಿದೆ 1961ರಲ್ಲಿ ಅಂಗೀಕಾರವಾಗಿ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗೇಣಿ ಪದ್ಧತಿಯೇ ಹೋದದ್ದು 1974ರ ತಿದ್ದುಪಡಿಯಿಂದ, ಶ್ರೀ ದೇವರಾಜ ಅರಸರ ಕಾಲದಲ್ಲಿ. ಇಲ್ಲಿ ನನ್ನ ವಾದಕ್ಕೇ ಒಂದು ತೊಡಕಿದೆ, ಮುಚ್ಚಿಡಬಾರದು. 1972ರ ವಿಧಾನಸಭಾ ಚುನಾವಣೆಗೆ ಅರಸರು ನಿಂತೇ ಇರಲಿಲ್ಲ. ದೆಹಲಿಯ ವರಿಷ್ಠರ ಒಲವು ಅವರ ಮೇಲಿತ್ತು, ನಾಯಕರಾದರು. ಯಾರೊಡನೆಯೂ ವಾದಿಸದೆ ಬಂದವರ ಕಾಲದಲ್ಲೇ ಮಲೆನಾಡಿನ ಒಕ್ಕಲು ಏಳನೇ ನಂಬರು ಫಾರಂ ತುಂಬಿ, 'ಡಿಕ್ಲರೇಷನ್ ಕೊಟ್ಟು', ಭೂನ್ಯಾಯ ಮಂಡಳಿಯೆದುರು ನಿಂತದ್ದು. ವಾದ ನಡೆದರೆ ಒಳ್ಳೆಯ ನಾಯಕ, ಇಲ್ಲದಿದ್ದರೆ ಕೆಟ್ಟ ನಾಯಕ ಎಂಬ ಸೂತ್ರ ಇತಿಹಾಸದಲ್ಲಿ ಸಿಕ್ಕುವುದಿಲ್ಲ. ಆದರೆ ಮಂಡಳಿಯೆದುರು ಒಡೆಯನೂ ಒಕ್ಕಲೂ ತಮ್ಮ ತಮ್ಮ ಮಾತನ್ನು ಎದುರೆದುರೇ ಹೇಳಬೇಕಾಯಿತು. ರಾಜಧಾನಿಯಲ್ಲಿ ತಪ್ಪಿಸಿಕೊಂಡ ವಾದ ತಾಲ್ಲೂಕು ಕಚೇರಿಗೆ ಬಂದು ಕುಳಿತಿತು. ಆ ಕಹಿ ಕೆಲವು ಮನೆಗಳಲ್ಲಿ ಎರಡು ತಲೆಮಾರಿನವರೆಗೆ ಉಳಿಯಿತು.

ನಾಯಕರು ಜನರೆದುರಿಗೆ ನಿಂತ ಸಂದರ್ಭವೂ ಇಲ್ಲದಿಲ್ಲ. 1968ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾದ ಮೇಲೆ ಮುಖ್ಯಮಂತ್ರಿಗಳಾಗಿದ್ದ ಶ್ರೀ ವೀರೇಂದ್ರ ಪಾಟೀಲರು, 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ಜನತಾ ಪಕ್ಷದಿಂದ ನಿಂತರು. ಎದುರಿಗೆ ಶ್ರೀಮತಿ ಇಂದಿರಾ ಗಾಂಧಿಯವರು. ದೇಶವಿದೇಶದ ಪತ್ರಕರ್ತರು ನಮ್ಮ ಘಾಟಿಗಳನ್ನು ಹತ್ತಿಳಿದರು. ತುರ್ತು ಪರಿಸ್ಥಿತಿ ಸರಿಯೋ ತಪ್ಪೋ ಎಂಬ ವಾದ ಆಗ ಚಹದಂಗಡಿಯಿಂದ ಚಹದಂಗಡಿಗೆ ಹರಿದಾಡಿತು. ಇಂದಿರಾ ಗಾಂಧಿಯವರು ಎಪ್ಪತ್ತು ಸಾವಿರಕ್ಕೂ ಮೀರಿದ ಅಂತರದಿಂದ ಗೆದ್ದರು. ಸೋತ ಪಾಟೀಲರು 1989ರಲ್ಲಿ, ಆಗ ಕಾಂಗ್ರೆಸ್ಸಿನಲ್ಲಿದ್ದು, ಮತ್ತೆ ಮುಖ್ಯಮಂತ್ರಿಗಳಾದರು. ಮರುವರ್ಷ ಅವರನ್ನು ಬದಲಿಸುವ ಮಾತನ್ನು ಶ್ರೀ ರಾಜೀವ ಗಾಂಧಿಯವರು ಹೇಳಿದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. ಬರುವಾಗ ಮಾತ್ರವಲ್ಲ, ಹೋಗುವಾಗಲೂ ವಾದವಿಲ್ಲ. 1983ರಲ್ಲಿ ಜನತಾ ಪಕ್ಷದವರು ಶ್ರೀ ರಾಮಕೃಷ್ಣ ಹೆಗಡೆಯವರನ್ನು ಆರಿಸಿದಾಗಲೂ, ಶ್ರೀ ಬಂಗಾರಪ್ಪನವರು ಮುನಿಸಿಕೊಂಡಾಗಲೂ ಕಥೆ ಇದೇ.

ಈಗ 2011ಕ್ಕೆ ಬರುತ್ತೇನೆ. ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂದು ಜುಲೈ ಕೊನೆಗೆ ಶ್ರೀ ಬಿ. ಎಸ್. ಯಡಿಯೂರಪ್ಪನವರು ರಾಜೀನಾಮೆ ಕೊಟ್ಟಿದ್ದರು. ಭಾರತೀಯ ಜನತಾ ಪಕ್ಷದ ಶಾಸಕರ ಗುಪ್ತ ಮತದಾನದಲ್ಲಿ ಗೆದ್ದ ಸದಾನಂದ ಗೌಡರು ಆಗ ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಲೋಕಸಭಾ ಸದಸ್ಯರು. 2009ರಲ್ಲಿ ಅವರನ್ನು ದೆಹಲಿಗೆ ಕಳುಹಿಸಿದ ಕ್ಷೇತ್ರದಲ್ಲಿ ನಮ್ಮ ಮೂರು ತಾಲ್ಲೂಕುಗಳೂ ಸೇರಿದ್ದವು. ನಮ್ಮ ಪ್ರತಿನಿಧಿಯೇ ಮುಖ್ಯಮಂತ್ರಿಗಳಾದರು ಎಂದು ಸಂತೋಷಪಟ್ಟವರಿದ್ದರು. ನಮ್ಮನ್ನೊಂದು ಮಾತು ಕೇಳಲಿಲ್ಲವಲ್ಲ ಎಂದವರೂ ಇದ್ದರು. ಅವರ ಮುಂದಿದ್ದ ದೊಡ್ಡ ಪ್ರಶ್ನೆ ಗಣಿಯದೇ. ಆ ಪ್ರಶ್ನೆಗೆ ಅವರದೇನು, ಶೆಟ್ಟರರದೇನು ಉತ್ತರವೆಂಬುದನ್ನು ಒಂದೇ ವೇದಿಕೆಯಲ್ಲಿ ಕೇಳುವ ಭಾಗ್ಯ ನನ್ನ ಹತ್ತನೆಯ ತರಗತಿಗೆ ಒದಗಲಿಲ್ಲ. ತೆರವಾದ ಲೋಕಸಭಾ ಸ್ಥಾನಕ್ಕೆ 2012ರ ಮಾರ್ಚಿನಲ್ಲಿ ಉಪಚುನಾವಣೆ ನಡೆದು ಕಾಂಗ್ರೆಸ್ಸಿನ ಶ್ರೀ ಜಯಪ್ರಕಾಶ ಹೆಗ್ಡೆಯವರು ಗೆದ್ದರು. ಜುಲೈನಲ್ಲಿ ಸದಾನಂದ ಗೌಡರ ಸ್ಥಾನಕ್ಕೆ ಶೆಟ್ಟರರೇ ಬಂದರು.

ನಮ್ಮ ಚರ್ಚಾಸ್ಪರ್ಧೆ ಆ ವರ್ಷದ ಆಗಸ್ಟ್ 15ರಂದು, ಧ್ವಜವಂದನೆ ಮುಗಿದ ಮೇಲೆ, ಮಳೆಯ ಸದ್ದಿನ ನಡುವೆಯೇ ನಡೆಯಿತು. ವಿಷಯಕ್ಕೆ ಹತ್ತು ಅಂಕ, ಭಾಷೆಗೆ ಐದು, ಎದುರಾಳಿಗೆ ಕೊಡುವ ಉತ್ತರಕ್ಕೆ ಹತ್ತು. ಪ್ರಶ್ನೆ ಕೇಳಿದ ಹುಡುಗಿ ಚೆನ್ನಾಗಿಯೇ ಮಾತಾಡಿದಳು. ಆದರೆ ಎದುರು ಪಕ್ಷದ ಹುಡುಗ ಎತ್ತಿದ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳುವುದನ್ನು ಮರೆತಳೆಂದು ತೀರ್ಪುಗಾರರು ಎರಡು ಅಂಕ ಕಳೆದರು. ಎರಡನೆಯ ಬಹುಮಾನ ಬಂತು.